ಸರ್ವಾಧಿಕಾರಿಗಳಿಗೆ ಬಾಗಿಲು ತೆರೆದವರು: ರೋಮಿನಿಂದ ಹೈದರಾಬಾದಿನವರೆಗೆ



ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಯುರೋಪಿನಲ್ಲಿ ಸರ್ವಾಧಿಕಾರಿಗಳು ತಲೆಯೆತ್ತಲು ಕಾರಣಗಳೇನು ಎಂಬ ಪ್ರಶ್ನೆ ನಿಮಗೆಲ್ಲ ಚಿರಪರಿಚಿತವಾದದ್ದು. ಐದು ಅಂಕಗಳ ಪ್ರಶ್ನೆ, ಐದು ಅಂಶಗಳ ಉತ್ತರ. ಮೊದಲನೆಯ ಮಹಾಯುದ್ಧದ ಸಂಕಷ್ಟ, ವರ್ಸೇಲ್ಸ್ ಒಪ್ಪಂದದ ಅವಮಾನ, ಬೆಲೆಯೇರಿಕೆ ಮತ್ತು ನಿರುದ್ಯೋಗ, ಕಮ್ಯುನಿಸ್ಟ್ ಕ್ರಾಂತಿಯ ಭೀತಿ, ದುರ್ಬಲ ಸರಕಾರಗಳು. ಈ ಐದನ್ನೂ ಬರೆದವರಿಗೆ ಪೂರ್ಣ ಅಂಕಗಳು ದೊರೆಯುತ್ತಿದ್ದವು, ದೊರೆಯಲೇಬೇಕು. ಅವುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಇದೇ ಬಗೆಯ ಕಷ್ಟಗಳನ್ನು ಉಂಡ ಬೇರೆ ಕೆಲವು ದೇಶಗಳು ಸರ್ವಾಧಿಕಾರಿಯ ಕೈಗೆ ಬೀಳದೆ ಉಳಿದವು. ಹಾಗಾದರೆ ವ್ಯತ್ಯಾಸವಾದದ್ದು ಎಲ್ಲಿ?

ಆ ಉತ್ತರಕ್ಕೆ ಆರನೆಯ ಅಂಶವೊಂದನ್ನು ಸೇರಿಸಬೇಕೆಂದು ನನಗೆ ತೋರುತ್ತದೆ. ಸರ್ವಾಧಿಕಾರಿ ಬಾಗಿಲನ್ನು ಒದ್ದು ಮುರಿದು ಒಳಬಂದದ್ದು ವಿರಳ. ಹೆಚ್ಚಿನ ಕಡೆಗಳಲ್ಲಿ ಒಳಗಿದ್ದವರೇ ಚಿಲಕ ತೆಗೆದರು. ತೆಗೆದವರು ಪುಂಡರಲ್ಲ, ರಾಜರು, ರಾಷ್ಟ್ರಾಧ್ಯಕ್ಷರು, ಅನುಭವಿ ಮಂತ್ರಿಗಳು, ಮರ್ಯಾದಸ್ಥರು. 'ಇವನಿಂದ ನಮ್ಮ ಕೆಲಸ ಮಾಡಿಸಿಕೊಳ್ಳೋಣ, ಆಮೇಲೆ ಹೊರಗಟ್ಟೋಣ' ಎಂಬುದು ಅವರೆಲ್ಲರ ಲೆಕ್ಕಾಚಾರವಾಗಿತ್ತು. ಆ ಲೆಕ್ಕ ಎಲ್ಲಿಯೂ ಸರಿಹೋಗಲಿಲ್ಲ. ಇದು ದೂರದ ಯುರೋಪಿನ ಕಥೆಯಷ್ಟೇ ಅಲ್ಲ. ನಮ್ಮ ಶಿವಯೋಗ ಮಂದಿರದಿಂದ ಒಂದು ದಿನದ ಚಕ್ಕಡಿ ಹಾದಿಯ ಆಚೆಗೇ, ನಮ್ಮ ಹಿರಿಯರ ಕಣ್ಣೆದುರಿಗೇ ನಡೆದ ಕಥೆಯೂ ಹೌದು. ಎರಡನ್ನೂ ಒಟ್ಟಿಗೆ ಇಟ್ಟು ನೋಡೋಣ.

ಮೊದಲು ಇಟಲಿ. 1919ರ ಮಾರ್ಚ್ 23ರಂದು ಮಿಲಾನ್ ನಗರದಲ್ಲಿ ಬೆನಿಟೊ ಮುಸೊಲಿನಿ ತನ್ನ ಫ್ಯಾಸಿಸ್ಟ್ ಸಂಘಟನೆಯನ್ನು ಆರಂಭಿಸಿದಾಗ ಅವನನ್ನು ಕೇಳುವವರೇ ಇರಲಿಲ್ಲ. ಆ ವರ್ಷದ ಚುನಾವಣೆಯಲ್ಲಿ ಅವನು ಹೀನಾಯವಾಗಿ ಸೋತನು. ಅವನ ಕಪ್ಪಂಗಿಯ ದಳಗಳು ಹಳ್ಳಿಹಳ್ಳಿಗೆ ನುಗ್ಗಿ ರೈತಸಂಘಗಳ, ಕಾರ್ಮಿಕ ಸಂಘಗಳ ಕಚೇರಿಗಳನ್ನು ಸುಡತೊಡಗಿದಾಗ ಅನೇಕ ಜಮೀನುದಾರರು ಹಣ ಕೊಟ್ಟರು, ಪೊಲೀಸರು ಕಣ್ಣುಮುಚ್ಚಿದರು. 1921ರಲ್ಲಿ ಪ್ರಧಾನಿ ಜೊಲಿಟ್ಟಿ ಫ್ಯಾಸಿಸ್ಟರನ್ನು ತನ್ನ ಚುನಾವಣಾ ಕೂಟದೊಳಕ್ಕೆ ಸೇರಿಸಿಕೊಂಡನು. ಐದು ಸಲ ಪ್ರಧಾನಿಯಾದ ಆ ಮುದಿ ರಾಜಕಾರಣಿಗೆ, ಅಧಿಕಾರದ ರುಚಿ ತೋರಿಸಿದರೆ ಇವರು ತಣ್ಣಗಾಗುತ್ತಾರೆ ಎಂಬ ನಂಬಿಕೆ. ಆ ಕೂಟದ ಬಲದಿಂದ 35 ಮಂದಿ ಫ್ಯಾಸಿಸ್ಟರು ಸಂಸತ್ತಿಗೆ ಬಂದರು.

ಮರುವರ್ಷ, 1922ರ ಅಕ್ಟೋಬರ್ ಕೊನೆಯ ವಾರದಲ್ಲಿ, ಪ್ರಸಿದ್ಧವಾದ 'ರೋಮ್ ಮುತ್ತಿಗೆ' ನಡೆಯಿತು. ಹೆಸರು ದೊಡ್ಡದು. ಮಳೆಯಲ್ಲಿ ನೆನೆಯುತ್ತ, ಸರಿಯಾದ ಆಯುಧಗಳೂ ಇಲ್ಲದೆ ನಿಂತಿದ್ದ ಆ ಗುಂಪುಗಳನ್ನು ಚದುರಿಸುವುದು ರೋಮಿನಲ್ಲಿದ್ದ ಸೈನ್ಯಕ್ಕೆ ಕಷ್ಟದ ಮಾತಾಗಿರಲಿಲ್ಲ. ಪ್ರಧಾನಿ ಫಾಕ್ಟಾ ಸೇನಾಶಾಸನದ ಆಜ್ಞೆಯನ್ನು ಸಿದ್ಧಪಡಿಸಿ ಸಹಿಗಾಗಿ ಒಯ್ದನು. ಅಕ್ಟೋಬರ್ 28ರ ಬೆಳಿಗ್ಗೆ ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲು ನಿರಾಕರಿಸಿದನು. ಎರಡು ದಿನಗಳ ತರುವಾಯ ಮುಸೊಲಿನಿ ಮಿಲಾನಿನಿಂದ ರಾತ್ರಿಯ ರೈಲಿನಲ್ಲಿ ಬಂದು ಪ್ರಧಾನಿಯಾದನು. 'ಮುತ್ತಿಗೆ'ಯ ನಾಯಕ ಬಂದದ್ದು ಮಲಗುವ ಡಬ್ಬಿಯಲ್ಲಿ! 1924ರ ಜೂನಿನಲ್ಲಿ, ಚುನಾವಣಾ ಅಕ್ರಮಗಳನ್ನು ಸಂಸತ್ತಿನಲ್ಲಿ ಎತ್ತಿ ಹೇಳಿದ ಸಮಾಜವಾದಿ ಸದಸ್ಯ ಮಾತ್ತೆಯೊತ್ತಿಯ ಕೊಲೆಯಾಯಿತು. ಆಗಲೂ ದೊರೆ ಮೌನವಾಗಿಯೇ ಇದ್ದನು. 1926ರ ಹೊತ್ತಿಗೆ ಉಳಿದ ಪಕ್ಷಗಳೆಲ್ಲ ನಿಷೇಧಗೊಂಡಿದ್ದವು.

ಜರ್ಮನಿಯ ವಿಷಯದಲ್ಲಿ 'ಜನರೇ ಹಿಟ್ಲರನನ್ನು ಬಹುಮತದಿಂದ ಆರಿಸಿದರು' ಎಂಬ ಮಾತನ್ನು ಅನೇಕರು ಹೇಳುವುದುಂಟು. ಅಂಕಿಗಳನ್ನು ನೋಡಬೇಕು. 1928ರಲ್ಲಿ ನಾಜಿ ಪಕ್ಷಕ್ಕೆ ಸಿಕ್ಕ ಮತಗಳು ಶೇಕಡಾ 2.6 ಮಾತ್ರ. ಆರ್ಥಿಕ ಕುಸಿತದ ಬಳಿಕ 1930ರಲ್ಲಿ ಶೇಕಡಾ 18.3, 1932ರ ಜುಲೈನಲ್ಲಿ ಶೇಕಡಾ 37.3. ನಿರುದ್ಯೋಗಿಗಳ ಸಂಖ್ಯೆ ಆಗ 60 ಲಕ್ಷದ ಹತ್ತಿರವಿತ್ತು. ಸ್ವತಂತ್ರ ಚುನಾವಣೆಯಲ್ಲಿ ಆ ಪಕ್ಷ ಮುಟ್ಟಿದ ಅತ್ಯಂತ ಎತ್ತರ ಅದೇ. ನವೆಂಬರಿನಲ್ಲಿ ಮತ್ತೆ ಚುನಾವಣೆ ನಡೆದಾಗ ಅದು 20 ಲಕ್ಷದಷ್ಟು ಮತಗಳನ್ನು ಕಳೆದುಕೊಂಡಿತು. ಸ್ಥಾನಗಳು 230ರಿಂದ 196ಕ್ಕೆ ಇಳಿದವು. ಪಕ್ಷದ ಬೊಕ್ಕಸ ಬರಿದಾಗಿತ್ತು.

ಅಂದರೆ ಹಿಟ್ಲರನಿಗೆ ಅಧಿಕಾರ ದೊರೆತದ್ದು ಅವನು ಏರುತ್ತಿದ್ದಾಗ ಅಲ್ಲ, ಇಳಿಯತೊಡಗಿದ್ದಾಗ. ಮಾಜಿ ಪ್ರಧಾನಿ ಫಾನ್ ಪಾಪೆನ್ ತನ್ನ ರಾಜಕೀಯ ವೈರಿಯ ಮೇಲಿನ ಸೇಡಿಗಾಗಿ ಹಿಟ್ಲರನೊಡನೆ ಒಳಮಾತು ನಡೆಸಿ, ವೃದ್ಧ ರಾಷ್ಟ್ರಾಧ್ಯಕ್ಷ ಹಿಂಡನ್‌ಬರ್ಗನ ಮನವೊಲಿಸಿದನು. ಒಂದು ವರ್ಷದ ಹಿಂದೆಯಷ್ಟೇ ಹಿಟ್ಲರನನ್ನು ಚುನಾವಣೆಯಲ್ಲಿ ಸೋಲಿಸಿದ್ದ ಅದೇ ಹಿಂಡನ್‌ಬರ್ಗ್ 1933ರ ಜನವರಿ 30ರಂದು ಅವನನ್ನು ಪ್ರಧಾನಿಯಾಗಿ ನೇಮಿಸಿದನು. ಮಂತ್ರಿಮಂಡಲದಲ್ಲಿ ಹಿಟ್ಲರನೂ ಸೇರಿ ನಾಜಿಗಳು ಮೂವರೇ. ಉಳಿದವರೆಲ್ಲ ಹಳೆಯ ಮನೆತನಸ್ಥರು, ಅವರ ಆಪ್ತರು. ಎರಡು ತಿಂಗಳಲ್ಲಿ ಇವನನ್ನು ಮೂಲೆಗೆ ಒತ್ತಿಬಿಡುತ್ತೇವೆ ಎಂಬ ಅರ್ಥದ ಮಾತನ್ನು ಪಾಪೆನ್ ಆಡಿದನೆಂದು ಚರಿತ್ರಕಾರರು ಬರೆಯುತ್ತಾರೆ. ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 23ರಂದು, ಸಂಸತ್ತಿನ ಅಧಿಕಾರವನ್ನೆಲ್ಲ ಹಿಟ್ಲರನ ಕೈಗೊಪ್ಪಿಸುವ ಶಾಸನಕ್ಕೆ 444 ಸದಸ್ಯರು ಕೈಯೆತ್ತಿದರು. ವಿರುದ್ಧ ಮತ ಹಾಕಿದವರು 94 ಮಂದಿ ಸಮಾಜವಾದಿಗಳು ಮಾತ್ರ. ಕಮ್ಯುನಿಸ್ಟ್ ಸದಸ್ಯರನ್ನು ಸಭೆಗೆ ಬರಗೊಡಲೇ ಇಲ್ಲ.

ಎಲ್ಲ ದೇಶಗಳಲ್ಲಿಯೂ ಹೀಗೆಯೇ ನಡೆಯಿತೆಂದು ನಾನು ಹೇಳುವುದಿಲ್ಲ. ಸ್ಪೇನಿನ ಫ್ರಾಂಕೊ ಮೂರು ವರ್ಷಗಳ ಅಂತರ್ಯುದ್ಧದ ರಕ್ತವನ್ನು ತುಳಿದು ಬಂದವನು. ಪೋಲೆಂಡಿನ ಪಿಲ್ಸುಡ್‌ಸ್ಕಿ 1926ರಲ್ಲಿ ಸೈನ್ಯದ ಬಲದಿಂದ ಬಂದವನು. ಆದರೆ 1923ರಲ್ಲಿ ಸ್ಪೇನಿನ ಜನರಲ್ ಪ್ರಿಮೊ ದೆ ರಿವೇರಾನಿಗೆ ಒಪ್ಪಿಗೆ ಕೊಟ್ಟವನು ಅಲ್ಲಿಯ ದೊರೆ. 1936ರಲ್ಲಿ ಗ್ರೀಸಿನ ಮೆಟಾಕ್ಸಾಸನಿಗೆ ಸಮ್ಮತಿಯಿತ್ತವನೂ ಅಲ್ಲಿಯ ದೊರೆ. ಚಿಲಕದ ಮೇಲಿದ್ದ ಕೈ ಯಾರದೆಂದು ನೋಡುತ್ತ ಹೋದರೆ, ಅದು ಮತ್ತೆ ಮತ್ತೆ ಒಳಗಿನದೇ ಆಗಿರುತ್ತದೆ.

ಇನ್ನು ನಮ್ಮ ಸೀಮೆಗೆ ಬರೋಣ.

ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಬಾದಾಮಿ, ಹುನಗುಂದ, ಇಳಕಲ್ ಭಾಗವೆಲ್ಲ ಅಂದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಇಳಕಲ್ಲಿನಿಂದ ದಕ್ಷಿಣಕ್ಕೆ ಕೆಲವು ಮೈಲಿ ಹೋದರೆ ಕುಷ್ಟಗಿಯ ಸೀಮೆ. ಅದು ಹೈದರಾಬಾದ್ ನಿಜಾಮರ ರಾಜ್ಯ. ನಮ್ಮ ಹಿರಿಯರು ಅದನ್ನು 'ಮೊಗಲಾಯಿ' ಎಂದೇ ಕರೆಯುತ್ತಿದ್ದರು. ಭಾಷೆ ಒಂದೇ, ಬೀಗತನ ಒಂದೇ, ಜಾತ್ರೆ ಒಂದೇ. ಆದರೆ ಗಡಿಯ ಆಚೆ ನಾಣ್ಯ ಬೇರೆ, ಸುಂಕದ ಕಟ್ಟೆ ಬೇರೆ, ಕಚೇರಿಯ ಭಾಷೆ ಉರ್ದು. ಈಚೆಯ ಮನೆಯ ಮಗಳನ್ನು ಆಚೆ ಕೊಟ್ಟಿದ್ದರೆ, ಆಚೆಯ ಹೊಲ ಈಚೆಯವರ ಹೆಸರಿನಲ್ಲಿರುತ್ತಿತ್ತು. ರಾಯಚೂರು, ಕಲಬುರ್ಗಿ, ಬೀದರ ಈ ಮೂರು ಕನ್ನಡ ಜಿಲ್ಲೆಗಳು ಆ ರಾಜ್ಯದಲ್ಲಿದ್ದವು. ಇಂದಿನ ಕೊಪ್ಪಳ ಜಿಲ್ಲೆಯೂ ಯಾದಗಿರಿಯೂ ಅವುಗಳೊಳಗೇ ಸೇರಿದ್ದವು.

ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಪಟ್ಟಕ್ಕೆ ಬಂದವರು. ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬರೆಂದು ಹೆಸರಾಗಿದ್ದವರು. 1918ರಲ್ಲಿ ಅವರು ಸ್ಥಾಪಿಸಿದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟ ಮೊದಲ ಪ್ರಯೋಗಗಳಲ್ಲೊಂದು. ಕೆರೆ, ಅಣೆಕಟ್ಟು, ಆಸ್ಪತ್ರೆಗಳನ್ನೂ ಅವರ ಆಳ್ವಿಕೆ ಕಂಡಿತು. ಇದನ್ನು ಮರೆಮಾಚಬಾರದು. ಆದರೆ ಜನರಿಗೆ ಹೊಣೆಯಾದ ಸರಕಾರ ಅಲ್ಲಿರಲಿಲ್ಲ. 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆಯ ಪ್ರಕಾರ ಸರಕಾರದ ಪೂರ್ವಾನುಮತಿಯಿಲ್ಲದೆ ಸಾರ್ವಜನಿಕ ಸಭೆ ನಡೆಸುವಂತಿರಲಿಲ್ಲ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪನೆಯಾಗಬೇಕೆನ್ನುವಾಗ, ಅದು ಹುಟ್ಟುವ ಮೊದಲೇ ನಿಷೇಧಕ್ಕೊಳಗಾಯಿತು. ನಿಷೇಧ ತೆರವಾದದ್ದು 1946ರಲ್ಲಿ. ಆ ಸಂಸ್ಥೆಯ ಮುಂದಾಳಾಗಿದ್ದ ಸ್ವಾಮಿ ರಮಾನಂದ ತೀರ್ಥರು ನಮ್ಮದೇ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದವರೆಂಬುದು ನಮಗೆ ಅಭಿಮಾನದ ಸಂಗತಿ.

ಸಭೆ ಸೇರುವ ಹಾದಿಯನ್ನು ಒಂದು ಕಡೆ ಮುಚ್ಚಿದ ಅದೇ ಆಡಳಿತ ಇನ್ನೊಂದು ಸಂಘಟನೆಗೆ ಹಾದಿ ಬಿಟ್ಟುಕೊಟ್ಟಿತು. 1927ರಲ್ಲಿ ಹುಟ್ಟಿದ ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ 1946ರಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಗೆ ಬಂದಿತು. ಅವನ ಮುಂದಾಳುತನದಲ್ಲಿ ಬೆಳೆದ ಸ್ವಯಂಸೇವಕ ಪಡೆಯೇ ರಜಾಕಾರರು. ಸಮವಸ್ತ್ರ, ಕವಾಯತು, ಪ್ರಾಣಕೊಟ್ಟಾದರೂ ಹೋರಾಡುವ ಪ್ರತಿಜ್ಞೆ, ಬೆಂಕಿಯುಗುಳುವ ಭಾಷಣಗಳು. ಮುಸೊಲಿನಿಯ ಕಪ್ಪಂಗಿ ದಳವನ್ನೂ ಹಿಟ್ಲರನ ಕಂದಂಗಿ ದಳವನ್ನೂ ಓದಿದವರಿಗೆ ಇದರ ಗುರುತು ಸುಲಭವಾಗಿ ಸಿಗುತ್ತದೆ. ಭಾರತಕ್ಕೆ ಸೇರದೆ ಸ್ವತಂತ್ರವಾಗಿ ಉಳಿಯಬೇಕೆಂದಿದ್ದ ನಿಜಾಮರಿಗೆ ಈ ಪಡೆ ದಿಲ್ಲಿಯೊಡನೆ ಚೌಕಾಸಿ ಮಾಡಲು ಒದಗಿದ ಒಂದು ಪಗಡೆಕಾಯಿಯಂತೆ ಕಂಡಿರಬೇಕು.

ಎಚ್ಚರಿಕೆ ಹೇಳುವವರು ಇರಲಿಲ್ಲವೆಂದಲ್ಲ. ಹದಿನೈದು ವರ್ಷ ಮೈಸೂರಿನ ದಿವಾನರಾಗಿ ಹೆಸರು ಮಾಡಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು 1946ರಲ್ಲಿ ಹೈದರಾಬಾದಿನ ಪ್ರಧಾನಿಯಾಗಿ ಹೋದರು. ಭಾರತದೊಡನೆ ಸೌಹಾರ್ದದ ಒಪ್ಪಂದವೇ ಕ್ಷೇಮವೆಂಬುದು ಅವರ ನಿಲುವು. ಇತ್ತೆಹಾದ್ ಅವರ ವಿರುದ್ಧ ಹರಿಹಾಯ್ದಿತು. ನಿಜಾಮರ ಬೆಂಬಲ ಗಟ್ಟಿಯಾಗಿ ದೊರೆಯಲಿಲ್ಲ. 1947ರ ಮೇ ತಿಂಗಳಲ್ಲಿ ಅವರು ರಾಜೀನಾಮೆಯಿತ್ತರು. ಅವರ ತರುವಾಯ ಬಂದವರು ಛತಾರಿಯ ನವಾಬರು.

1947ರ ಅಕ್ಟೋಬರ್ ಕೊನೆಯ ವಾರ. ರೋಮಿನ ಘಟನೆಗೆ ಸರಿಯಾಗಿ ಇಪ್ಪತ್ತೈದು ವರ್ಷ. ಭಾರತ ಸರಕಾರದೊಡನೆ ಯಥಾಸ್ಥಿತಿ ಒಪ್ಪಂದದ ಕರಡು ಸಿದ್ಧವಾಗಿ, ನಿಜಾಮರ ನಿಯೋಗ ದಿಲ್ಲಿಗೆ ಹೊರಡುವುದರಲ್ಲಿತ್ತು. ಬೆಳಕು ಹರಿಯುವ ಮೊದಲೇ ಇತ್ತೆಹಾದಿನ ಸಾವಿರಾರು ಜನರ ಗುಂಪು ಪ್ರಧಾನಿ ಛತಾರಿಯವರ, ನಿಜಾಮರ ಕಾನೂನು ಸಲಹೆಗಾರ ಸರ್ ವಾಲ್ಟರ್ ಮಾಂಕ್ಟನ್ನರ, ಇನ್ನೊಬ್ಬ ಸದಸ್ಯರಾದ ಸರ್ ಸುಲ್ತಾನ್ ಅಹಮದರ ಮನೆಗಳನ್ನು ಸುತ್ತುವರಿಯಿತು. ನಿಯೋಗ ಹೊರಡಲಾಗಲಿಲ್ಲ. ಆ ಗುಂಪಿನವರ ಮೇಲೆ ಯಾವ ಕ್ರಮವೂ ಜರುಗಲಿಲ್ಲ. ಬದಲಿಗೆ ನಿಯೋಗವನ್ನೇ ಬದಲಿಸಲಾಯಿತು. ಛತಾರಿಯವರು ಪದವಿ ಬಿಟ್ಟರು. ನವೆಂಬರ್ 29ರಂದು ಒಪ್ಪಂದಕ್ಕೆ ಸಹಿಯೇನೋ ಬಿದ್ದಿತು. ಆದರೆ ರಜ್ವಿಗೆ ಒಪ್ಪಿಗೆಯಾದ ಮೀರ್ ಲಾಯಕ್ ಅಲಿ ಪ್ರಧಾನಿಯಾದರು. ದೊರೆ ಸಿಂಹಾಸನದ ಮೇಲೆಯೇ ಇದ್ದರು, ದೊರೆತನ ಮಾತ್ರ ಬೀದಿಗೆ ಹೋಗಿತ್ತು.

ಮುಂದಿನ ಹತ್ತು ತಿಂಗಳು ಗಡಿಯ ಆಚೆಯ ಕನ್ನಡಿಗರು ಅನುಭವಿಸಿದ್ದನ್ನು ಇಂದಿಗೂ 'ರಜಾಕಾರರ ಹಾವಳಿ' ಎಂದೇ ಹೇಳುತ್ತಾರೆ. ಲೂಟಿ, ಬೆಂಕಿ, ಕೊಲೆ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದಲ್ಲಿ ಇನ್ನೂರರಷ್ಟು ಜನ ಸತ್ತರೆಂದು ಹೇಳಲಾಗುತ್ತದೆ. ಹೆಂಗಸರು ಮಕ್ಕಳನ್ನು ಕರೆದುಕೊಂಡು ಕುಟುಂಬಗಳು ಗಡಿ ದಾಟಿ ನಮ್ಮ ಭಾಗದ ನಂಟರ ಮನೆಗಳಿಗೆ ಬಂದವು. ಎದುರಿಸಿ ನಿಂತವರು ಗಡಿಯ ಈಚೆ ಶಿಬಿರಗಳನ್ನು ಕಟ್ಟಿದರು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ, ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಶಿಬಿರ. ಗಜೇಂದ್ರಗಡವೆಂದರೆ ನಮಗೆ ಪಕ್ಕದ ಊರು. ಚರಿತ್ರೆ ಎಲ್ಲೋ ದಿಲ್ಲಿಯಲ್ಲಿ, ಲಂಡನ್ನಿನಲ್ಲಿ ನಡೆಯುವುದೆಂದು ತಿಳಿದವರು ಆ ಗುಡ್ಡದ ಕೋಟೆಯನ್ನೊಮ್ಮೆ ನೋಡಿ ಬರಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುವುದು ನನ್ನ ಕರ್ತವ್ಯ. ಇದನ್ನು ಎರಡು ಮತಗಳ ಜಗಳವೆಂದು ಹೇಳಿ ಮುಗಿಸುವವರಿದ್ದಾರೆ. ಹೈದರಾಬಾದಿನಲ್ಲಿ 'ಇಮ್ರೋಜ್' ಎಂಬ ಉರ್ದು ಪತ್ರಿಕೆ ನಡೆಸುತ್ತಿದ್ದ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರನ್ನು ಎದೆಗೊಟ್ಟು ಖಂಡಿಸಿದರು. ಭಾರತದೊಡನೆ ಸೇರುವುದೇ ಸರಿಯೆಂದು ಬರೆದರು. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಾಗ ಅವರ ಮೇಲೆ ಗುಂಡು ಹಾರಿಸಿ, ಬರೆದ ಕೈಯನ್ನೇ ಕತ್ತರಿಸಲಾಯಿತು. ಮಿರ್ಜಾ ಇಸ್ಮಾಯಿಲರೂ ಮುಸ್ಲಿಮರೇ, ಶೋಯೆಬುಲ್ಲಾ ಖಾನರೂ ಮುಸ್ಲಿಮರೇ. ಸರ್ವಾಧಿಕಾರದ ಗುಂಪಿಗೆ ಎಲ್ಲರಿಗಿಂತ ಮೊದಲು ಸಹಿಸಲಾಗದವನು ತನ್ನವರೊಳಗಿನ ಭಿನ್ನಮತೀಯ. ಮಾತ್ತೆಯೊತ್ತಿಗೆ ಆದದ್ದೇ ಇವರಿಗೂ ಆಯಿತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಮೇಜರ್ ಜನರಲ್ ಜೆ. ಎನ್. ಚೌಧರಿಯವರ ನೇತೃತ್ವದಲ್ಲಿ ಗಡಿ ದಾಟಿತು. ಸೆಪ್ಟೆಂಬರ್ 17ರಂದು ನಿಜಾಮರು ಯುದ್ಧ ನಿಲ್ಲಿಸಿದರು. ಆ ದಿನವನ್ನೇ ನಾವು ಈಗ ಕಲ್ಯಾಣ ಕರ್ನಾಟಕ ಉತ್ಸವವಾಗಿ ಆಚರಿಸುತ್ತೇವೆ. ಆದರೆ ಆ ವಿಮೋಚನೆಯ ಬೆನ್ನಿಗೇ ಇನ್ನೊಂದು ಅಧ್ಯಾಯವಿದೆ. ರಜಾಕಾರರಲ್ಲದ, ಯಾರಿಗೂ ಕೇಡು ಬಗೆಯದ ಸಾಮಾನ್ಯ ಮುಸ್ಲಿಂ ಕುಟುಂಬಗಳ ಮೇಲೆ ಸೇಡಿನ ದಾಳಿಗಳಾದವು. ಭಾರತ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ, ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅಂದಾಜು ಮಾಡಿತು. ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕಲಬುರ್ಗಿ, ಬೀದರಗಳೂ ಇದ್ದವು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಒಬ್ಬ ನಾಯಕ ಹೊತ್ತಿಸಿದ ಬೆಂಕಿ ಅವನ ಶತ್ರುಗಳನ್ನು ಸುಟ್ಟು ನಿಲ್ಲುವುದಿಲ್ಲ. ಅವನು ಯಾರ ಹೆಸರು ಹೇಳಿ ಹೊತ್ತಿಸಿದನೋ ಅವರ ಸೂರನ್ನೂ ಸುಡುತ್ತದೆ. ಹಿಟ್ಲರನಿಂದ ಜರ್ಮನರಿಗೇ ಆದ ಗತಿಯನ್ನು ನೆನೆದರೆ ಇದು ಅರ್ಥವಾದೀತು. ರಜ್ವಿಯಾದರೋ ಸೆರೆವಾಸ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೊರಟುಹೋದನು. ಸುಟ್ಟ ಮನೆಗಳವರು ಇಲ್ಲಿಯೇ ಉಳಿದರು.

ಇನ್ನು ಬಾಗಿಲು ತೆರೆದ ದೊರೆಯ ಮಾತು. 1948ರ ಸೆಪ್ಟೆಂಬರ್ 23ರಂದು ನಿಜಾಮರು ರೇಡಿಯೋದಲ್ಲಿ ಮಾತನಾಡಿದರು. ರಜ್ವಿಯ ಸಣ್ಣ ಗುಂಪೊಂದು ತಮ್ಮ ನಂಬಿಕೆಯ ಪ್ರಧಾನಿಯ ಮನೆಗೆ ಮುತ್ತಿಗೆ ಹಾಕಿ, ಹಿಟ್ಲರನ ಜರ್ಮನಿಯನ್ನು ನೆನಪಿಸುವ ರೀತಿಯಲ್ಲಿ ರಾಜ್ಯವನ್ನು ವಶಮಾಡಿಕೊಂಡು ತಮ್ಮನ್ನು ಅಸಹಾಯಕರನ್ನಾಗಿ ಮಾಡಿತೆಂಬುದು ಅವರ ವಿವರಣೆ. ಆದ್ದರಿಂದ ಯುರೋಪನ್ನೂ ಹೈದರಾಬಾದನ್ನೂ ಹೋಲಿಸಿದವನು ನಾನೇ ಮೊದಲಿಗನಲ್ಲ; ಸ್ವತಃ ನಿಜಾಮರೇ ಹೋಲಿಸಿದರು. ಹೋಲಿಕೆ ಸರಿಯಾಗಿದೆ. ಆದರೆ ಅವರು ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಹಿಟ್ಲರನ ಕಥೆಯಲ್ಲಿ ಒಬ್ಬ ಹಿಂಡನ್‌ಬರ್ಗನೂ ಇದ್ದಾನೆ. ಮುತ್ತಿಗೆ ಹಾಕಿದವರನ್ನು ಆ ಬೆಳಗಿನಲ್ಲಿಯೇ ಬಂಧಿಸಿ ಎಂದು ಅಪ್ಪಣೆ ಕೊಡಬಲ್ಲವರು ಆ ರಾಜ್ಯದಲ್ಲಿ ಒಬ್ಬರೇ ಇದ್ದರು. ಆ ಅಪ್ಪಣೆ ಬರಲಿಲ್ಲ.

ಅಂಥ ಅಪ್ಪಣೆ ಕೊಟ್ಟರೆ ಏನಾಗುತ್ತಿತ್ತು? ಇದಕ್ಕೆ ಉತ್ತರ ಬೇಕಾದರೆ ಮತ್ತೊಮ್ಮೆ ಯುರೋಪಿಗೇ ಹೋಗಬೇಕು. ಫಿನ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ 'ಲಾಪುವಾ' ಎಂಬ ಚಳವಳಿ ಕಮ್ಯುನಿಸ್ಟರನ್ನು ಅಡಗಿಸುವ ಹೆಸರಿನಲ್ಲಿ ಅಪಹರಣ, ಹಲ್ಲೆಗಳಿಗೆ ಇಳಿದಿತ್ತು. ಅದರ ಬೆಂಬಲ ಪಡೆದೇ 1931ರಲ್ಲಿ ಸ್ವಿನ್‌ಹುಫ್ವುದ್ ಎಂಬ ಸಂಪ್ರದಾಯಸ್ಥ ಮುಂದಾಳು ರಾಷ್ಟ್ರಾಧ್ಯಕ್ಷನಾದನು. 1932ರ ಫೆಬ್ರವರಿಯಲ್ಲಿ ಅದೇ ಚಳವಳಿಯ ಜನ ಬಂದೂಕು ಹಿಡಿದು ಮಾಂಟ್ಸಾಲಾ ಎಂಬ ಊರಿನಲ್ಲಿ ಜಮಾಯಿಸಿ, ಸರಕಾರ ಇಳಿಯಬೇಕೆಂದರು. ಅವರು ಅಧ್ಯಕ್ಷನಿಗೆ ಪರಕೀಯರಲ್ಲ, ತನ್ನ ಕಡೆಯವರೇ. ಆದರೂ ಆತ ರೇಡಿಯೋದಲ್ಲಿ ಮಾತನಾಡಿ, ಎಲ್ಲರೂ ಮನೆಗೆ ಮರಳಿರಿ, ಮರಳಿದವರಿಗೆ ಶಿಕ್ಷೆಯಿಲ್ಲ, ಮುಂದಾಳುಗಳನ್ನು ಮಾತ್ರ ಬಿಡುವುದಿಲ್ಲ ಎಂದನು. ಜನ ಮರಳಿದರು. ಚಳವಳಿ ನಿಷೇಧವಾಯಿತು. ಬೆಲ್ಜಿಯಮ್ಮಿನಲ್ಲಿ 1937ರಲ್ಲಿ ದೆಗ್ರೆಲ್ ಎಂಬ ಫ್ಯಾಸಿಸ್ಟ್ ನಾಯಕ ಉಪಚುನಾವಣೆಗೆ ನಿಂತಾಗ, ಕ್ಯಾಥೊಲಿಕರಿಂದ ಹಿಡಿದು ಕಮ್ಯುನಿಸ್ಟರವರೆಗೆ ಎಲ್ಲರೂ ತಮ್ಮ ತಮ್ಮ ಜಗಳಗಳನ್ನು ಬದಿಗಿಟ್ಟು ಪ್ರಧಾನಿ ಫಾನ್ ಜೀಲಾಂಡನೊಬ್ಬನನ್ನೇ ಬೆಂಬಲಿಸಿದರು. ದೆಗ್ರೆಲನಿಗೆ ಐದರಲ್ಲೊಂದು ಪಾಲು ಮತವೂ ಸಿಗಲಿಲ್ಲ. ಆರ್ಥಿಕ ಕುಸಿತ ಈ ದೇಶಗಳನ್ನೂ ಬಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತವರು ಚಿಲಕ ತೆಗೆಯಲಿಲ್ಲ, ಅಷ್ಟೇ.

ಬಸ್ಸಿನಲ್ಲಿ, ಮದುವೆಯ ಮಂಟಪದಲ್ಲಿ, ಸಂತೆಯಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: 'ಈ ದೇಶಕ್ಕ ಒಬ್ಬ ಹಿಟ್ಲರ್ ಬೇಕ್ರೀ ಸರ, ಅಂದ್ರನs ಎಲ್ಲಾ ನೆಟ್ಟಗಾಕ್ಕೈತಿ.' ಹೇಳುವವರು ಕೆಟ್ಟವರಲ್ಲ. ಲಂಚ ಕೊಟ್ಟು ಬೇಸತ್ತವರು, ಕಚೇರಿಗೆ ಅಲೆದು ಸೋತವರು. ಅವರ ನೋವು ನಿಜವಾದದ್ದು. ಆದರೆ ಆ ಮಾತನ್ನಾಡುವಾಗ ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ಕಾಣುವುದು ಇನ್ನೊಬ್ಬನನ್ನು ಶಿಕ್ಷಿಸುವ ಹಿಟ್ಲರನನ್ನು. ತನ್ನ ಮನೆಯ ಬಾಗಿಲು ತಟ್ಟುವವನನ್ನಲ್ಲ. ದೊರೆ ವಿಕ್ಟರ್ ಇಮ್ಯಾನುಯೆಲ್, ಪಾಪೆನ್, ನಿಜಾಮ ಇವರೆಲ್ಲ ಮಾಡಿದ ಲೆಕ್ಕವೂ ಇದೇ ಆಗಿತ್ತು. ಅವರಿಗಾದರೂ ಅರಮನೆಗಳಿದ್ದವು. ಕುಷ್ಟಗಿಯ ಕಡೆಯಿಂದ ಕೂಸನ್ನು ಬಗಲಲ್ಲಿಟ್ಟುಕೊಂಡು ರಾತ್ರೋರಾತ್ರಿ ಗಡಿ ದಾಟಿದವರಿಗೆ ಏನಿತ್ತು?

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಅಧಿಕಾರಿಗಳಾಗಿದ್ದೀರಿ, ಶಿಕ್ಷಕರಾಗಿದ್ದೀರಿ, ಪಂಚಾಯತಿ, ಸಹಕಾರಿ ಸಂಘ, ಮಠಮಾನ್ಯಗಳ ಸಮಿತಿಗಳಲ್ಲಿದ್ದೀರಿ. ನಿಮ್ಮ ನಿಮ್ಮ ಕೈಯಲ್ಲಿ ಒಂದೊಂದು ಸಣ್ಣ ಚಿಲಕವಿದೆ. ಸಭೆಯಲ್ಲಿ ಒಬ್ಬನ ಬಾಯಿ ಮುಚ್ಚಿಸಲು ನಾಲ್ಕು ಮಂದಿ ಪುಂಡರನ್ನು ಕರೆಯೋಣ, ಆಮೇಲೆ ಕಳಿಸಿಬಿಡೋಣ ಎಂದು ಯಾರಾದರೂ ಹೇಳಿದರೆ, ಆ ಮಾತನ್ನು ಹಿಂದೆ ಆಡಿದವರು ಯಾರು ಯಾರು, ಅವರಿಗೆ ಏನಾಯಿತು ಎಂಬುದನ್ನು ನೆನಪಿಸಿಕೊಳ್ಳಿರಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಚರಿತ್ರೆ ಉಪಯೋಗಕ್ಕೆ ಬರುವುದು ಅಂಥ ಗಳಿಗೆಯಲ್ಲಿ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮಲ್ಲಿ ಅನೇಕರ ತಾಯಂದಿರ, ಅಜ್ಜಿಯರ ತವರು ಗಡಿಯ ಆಚೆಯದು. ರಜಾಕಾರರ ಕಾಲವನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದಾರೆ. ಅವರ ಬಳಿ ಕುಳಿತು, ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾರು ಹೊಡೆದರು ಎಂಬುದನ್ನಷ್ಟೇ ಅಲ್ಲ, ಆ ಹೊತ್ತಿನಲ್ಲಿ ಯಾರು ಬಚ್ಚಿಟ್ಟು ಕಾಪಾಡಿದರು ಎಂಬುದನ್ನೂ ಕೇಳಿ ಬರೆಯಿರಿ. ಎರಡನೆಯದು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.